ಚೈನು ಇನ್ನೂ ಓಡುತ್ತೆ ಅಳಿಯಂದ್ರೇ

ಬೈಕಿನ ಚೈನು ಸವೆದಿದೆ ಅನ್ನೋದು ಓಡಿಸುವವನಿಗಿಂತ ಮೊದಲು ಬೀದಿಗೆ ಗೊತ್ತಾಗುತ್ತದೆ. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದ ಆಟೋದವರು ತಲೆ ಹೊರಗೆ ಹಾಕಿ, "ಸಾರ್, ಚೈನ್ ಲೂಸು" ಎನ್ನುತ್ತಾರೆ. ಸೈಡ್ ಸ್ಟ್ಯಾಂಡ್ ಎತ್ತದೆ ಹೊರಟವರ ಹಿಂದೆ "ಸ್ಟ್ಯಾಂಡ್, ಸ್ಟ್ಯಾಂಡ್" ಎಂದು ಕೂಗುವ ಅದೇ ಪರೋಪಕಾರಿ ಜನ. ಬೆಂಗಳೂರಿನಲ್ಲಿ ದಾರಿ ಬಿಡದವರು ಬೇಕಾದಷ್ಟಿದ್ದಾರೆ, ಸಲಹೆ ಕೊಡದವರು ಸಿಗುವುದು ಕಷ್ಟ.

ನಮ್ಮ ಗಾಡಿಗೆ ಸಲಹೆ ಜಾಸ್ತಿನೇ ಬರುತ್ತಿತ್ತು. ಅದು ಮಾವನವರ ಹಳೇ ಸ್ಪ್ಲೆಂಡರ್. ಟ್ಯಾಂಕಿನ ಮೇಲೆ ಹೀರೋ ಹೋಂಡಾ ಎಂದು ಬರೆದಿರುವ ಕಾಲದ್ದು. ಆ ಎರಡು ಕಂಪನಿಗಳು ಬೇರೆಯಾಗಿ, 2011ರಲ್ಲಿ ಹೆಸರು ಹೀರೋ ಮೋಟೋಕಾರ್ಪ್ ಎಂದಾಯಿತು. ನಮ್ಮ ಟ್ಯಾಂಕಿನ ಮೇಲೆ ಮಾತ್ರ ಇಬ್ಬರೂ ಇನ್ನೂ ಮನೆ ಪಾಲು ಮಾಡಿಕೊಂಡಿಲ್ಲ. ಮಾವನವರು ಹನುಮಂತನಗರದಿಂದ ವರ್ಷಗಟ್ಟಲೆ ಆಫೀಸಿಗೆ ಓಡಾಡಿ, ರಿಟೈರ್ ಆಗಿ, ಮೊಣಕಾಲು ನೋವು ಶುರುವಾದ ಮೇಲೆ ಕೀ ನನ್ನ ಕೈಗೆ ಕೊಟ್ಟರು. ಆರ್‌ಸಿ ನನ್ನ ಹೆಸರಿಗಾಯಿತು. ಗಾಡಿಯ ಬಗೆಗಿನ ಅಭಿಪ್ರಾಯಗಳು ಅವರ ಹೆಸರಿನಲ್ಲೇ ಉಳಿದವು.

ಹಂಪ್ ಹಾರಿದಾಗಲೆಲ್ಲ ಚೈನು ಕವರಿಗೆ ಬಡಿದು ಛಟಛಟ ಎನ್ನುತ್ತಿತ್ತು. ನಮ್ಮ ಏರಿಯಾದಲ್ಲಿ ಹಂಪ್‌ಗೆ ಬರ ಇಲ್ಲವಲ್ಲ, ಹಾಗಾಗಿ ಅದು ಹೆಚ್ಚುಕಮ್ಮಿ ನಿರಂತರ ಸಂಗೀತ. ರಾಮಾಂಜನೇಯ ಗುಡ್ಡದ ಕಡೆ ಏರು ಹತ್ತುವಾಗ ಇನ್ನೊಂದು ರೋಗ. ಹೆಂಡತಿ ಹಿಂದೆ ಕೂತಿದ್ದರೆ, ಆಕ್ಸಿಲರೇಟರ್ ಕೊಟ್ಟ ಕೂಡಲೇ ಕಟಕ್ ಅಂತ ಚೈನು ಹಲ್ಲು ಹಾರಿ ಗಾಡಿ ಒಮ್ಮೆ ಬೆಚ್ಚುತ್ತಿತ್ತು. "ಅಪ್ಪ ಓಡಿಸೋವಾಗ ಹೀಗೆಲ್ಲ ಮಾಡ್ತಿರ್ಲಿಲ್ಲ" ಎಂದು ಹಿಂದಿನಿಂದ ವರದಿ ಬರುತ್ತಿತ್ತು. ಗಾಡಿಯೂ ತವರಿನ ಕಡೆಯದೇ.

ಈ ಗಾಡಿಯ ಚೈನಿಗೆ ಪೂರ್ತಿ ಮುಚ್ಚಿದ ಕವರ್ ಇದೆ. ಒಳ್ಳೆಯ ಏರ್ಪಾಡು. ಧೂಳು ಹೋಗಲ್ಲ, ಕೆಸರು ಹೋಗಲ್ಲ, ಸೀರೆ ಸೆರಗು ಸಿಕ್ಕಿಕೊಳ್ಳಲ್ಲ. ಬಯಲಲ್ಲಿರುವ ಚೈನಿಗಿಂತ ಜಾಸ್ತಿ ದಿನ ಬಾಳುತ್ತದೆ. ತೊಂದರೆ ಒಂದೇ, ಓನರ್ ಕಣ್ಣೂ ಒಳಗೆ ಹೋಗಲ್ಲ. ನೋಡಲು, ಎಣ್ಣೆ ಬಿಡಲು ಕವರಿನಲ್ಲಿ ಒಂದು ಪುಟ್ಟ ಕಿಂಡಿ, ಅದಕ್ಕೊಂದು ರಬ್ಬರ್ ಬಿರಡೆ ಇರುತ್ತದೆ. ಆ ಬಿರಡೆ ಯಾವುದೋ ಕಾಲದಲ್ಲಿ ಕಳೆದುಹೋದಾಗ ಮಾವನವರು ಕಿಂಡಿಗೆ ಎಂ-ಸೀಲ್ ಮೆತ್ತಿ ವಿಷಯ ಮುಗಿಸಿದ್ದರು. "ನನ್ನ ಕೈಲಿದ್ದಾಗ ಚೈನ್ ತಂಟೆಗೇ ಹೋಗಿಲ್ಲ ನೋಡಿ" ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ನಿಜ. ಹೋಗುವ ದಾರಿಯೇ ಇರಲಿಲ್ಲ.

ಚೈನ್ ಸೆಟ್ ಬದಲಾಯಿಸಬೇಕು ಎಂದಾಗ ಅವರಿಗೆ ಬೇಜಾರಾಯಿತು.

"ಯಾಕೆ ದುಡ್ಡು ದಂಡ? ಒಂದು ಲಿಂಕ್ ಕಟ್ ಮಾಡಿಸಿಬಿಡಿ, ಟೈಟಾಗುತ್ತೆ. ಚೈನು ಇನ್ನೂ ಓಡುತ್ತೆ ಅಳಿಯಂದ್ರೇ."

ಈ ಲಿಂಕ್ ಕಟ್ ಮಾಡಿಸುವ ವೈದ್ಯ ನಮ್ಮಲ್ಲಿ ಬಹಳ ಹಳೆಯದು. ನನಗೆ ಅದರ ಮೇಲೆ ಸ್ವಲ್ಪವೂ ನಂಬಿಕೆ ಇಲ್ಲ. ಮೊದಲನೆಯದಾಗಿ ಒಂದು ಲಿಂಕ್ ತೆಗೆಯಲು ಬರುವುದೇ ಇಲ್ಲ. ಚೈನಿನಲ್ಲಿ ಒಂದು ಒಳಗಿನ ಲಿಂಕ್, ಒಂದು ಹೊರಗಿನ ಲಿಂಕ್ ಹೀಗೆ ಬದಲಿ ಬದಲಿಯಾಗಿ ಬರುತ್ತವೆ, ತೆಗೆದರೆ ಜೋಡಿಯನ್ನೇ ತೆಗೆಯಬೇಕು. ತೆಗೆದರೂ ಉಳಿದ ಲಿಂಕ್‌ಗಳಿಗೇನು ಹರೆಯ ಮರಳುತ್ತದೆಯೇ? ಸವೆದ ಚೈನು ಗಿಡ್ಡ ಆಯಿತು, ಅಷ್ಟೇ. ಹಾಗೆಯೇ ಹಳೇ ಸ್ಪ್ರಾಕೆಟ್, ಅಂದರೆ ಚೈನು ಓಡುವ ಹಲ್ಲಿನ ಚಕ್ರದ ಮೇಲೆ ಹೊಸ ಚೈನು ಹಾಕಿಸುವವರೂ ಇದ್ದಾರೆ. ಸವೆದ ಹಲ್ಲು ಹೊಸ ಚೈನನ್ನು ಬೇಗ ತಿಂದುಹಾಕುತ್ತದೆ. ಹಾಕಿದರೆ ಚೈನು, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಹಾಕಬೇಕು.

ಜೆ.ಸಿ. ರೋಡಿಗೆ ಹೋದೆ. ಪೂರ್ತಿ ಹೆಸರು ಜಯಚಾಮರಾಜೇಂದ್ರ ರಸ್ತೆ. ಮೈಸೂರಿನ ಕೊನೆಯ ಮಹಾರಾಜರ ಹೆಸರಿನಲ್ಲಿ ಊರೆಲ್ಲ ಬ್ರೇಕ್ ಶೂ, ಕ್ಲಚ್ ಪ್ಲೇಟ್, ಹಾರ್ನ್ ಕೊಳ್ಳುವ ಜಾಗ. ಅದೇ ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರವೂ ಇದೆ. ಅಲ್ಲಿ ಟಿಕೆಟ್ ಸಿಗದವರು ಯಾವುದಾದರೂ ಸ್ಪೇರ್ಸ್ ಅಂಗಡಿ ಕೌಂಟರ್ ಮುಂದೆ ನಿಂತರೂ ನಷ್ಟವೇನಿಲ್ಲ.

"ಯಾವ ಗಾಡಿ?"

"ಸ್ಪ್ಲೆಂಡರ್. ಹಳೇದು."

"ಹಳೇದು ಅಂದ್ರೆ ಎಷ್ಟು ಹಳೇದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗ, "ಅಣ್ಣ, ಹಿಂದೆ ಹಲ್ಲು ಜಾಸ್ತಿ ಇರೋದು ತಗೊಳ್ಳಿ, ಪಿಕಪ್ ಸಖತ್ತಾಗಿರುತ್ತೆ" ಎಂದ. ಅವನ ಪಕ್ಕದ ಹಿರಿಯರು, "ಹಲ್ಲು ಕಮ್ಮಿ ಇರೋದೇ ತಗೊಳ್ಳಿ, ಮೈಲೇಜು" ಎಂದರು. ಇಬ್ಬರ ಮಾತಿನಲ್ಲೂ ಹುರುಳಿದೆ. ಹಿಂದೆ ಹಲ್ಲು ಹೆಚ್ಚಾದರೆ ಎಳೆಯುವ ಶಕ್ತಿ ಜಾಸ್ತಿ, ಟಾಪ್ ಸ್ಪೀಡ್ ಕಮ್ಮಿ. ಹಲ್ಲು ಕಮ್ಮಿಯಾದರೆ ಉಲ್ಟಾ. ಆದರೆ ಈ ಊರಿನ ಟ್ರಾಫಿಕ್‌ನಲ್ಲಿ ಟಾಪ್ ಸ್ಪೀಡ್ ಇಟ್ಟುಕೊಂಡು ಏನು ಮಾಡುವುದು? ಕಂಪನಿಯವರು ಲೆಕ್ಕ ಹಾಕಿ ಕೊಟ್ಟಷ್ಟೇ ಹಲ್ಲು ಇರಲಿ ಎಂದೆ. ಅವರಿಬ್ಬರೂ ನನ್ನನ್ನು ಬಿಟ್ಟು ತಮ್ಮ ವಾದ ಮುಂದುವರಿಸಿದರು. ನಾನು ದುಡ್ಡು ಕೊಟ್ಟು ಹೊರಟಾಗಲೂ ಅದು ಮುಗಿದಿರಲಿಲ್ಲ.

ಮನೆ ಹತ್ತಿರದ ಮೆಕ್ಯಾನಿಕ್ ಭಾಯ್ ಅಂಗಡಿ ಎಂದರೆ ಒಂದು ಹೊಂಗೆ ಮರ, ಒಂದು ಟೂಲ್ಸ್ ಪೆಟ್ಟಿಗೆ, ಒಬ್ಬ ಹುಡುಗ. ಮಾವನವರು ಪ್ಲಾಸ್ಟಿಕ್ ಚೇರು ತರಿಸಿಕೊಂಡು ಎದುರಿಗೇ ಕೂತರು. ಆಪರೇಷನ್‌ಗೆ ರೋಗಿ ಕಡೆಯವರು ಬೇಕಲ್ಲವೇ.

ಕವರಿನ ಬೋಲ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಬರಲಿಲ್ಲ. ಬಂದಾಗ ಒಳಗಿಂದ ಎಷ್ಟೋ ಮಳೆಗಾಲದ ಮಣ್ಣು ಕರಿ ಮುದ್ದೆಯಾಗಿ ಉದುರಿತು. ಹಿಂದಿನ ಸ್ಪ್ರಾಕೆಟ್‌ನ ಹಲ್ಲುಗಳು ಹುಲಿ ಉಗುರಿನ ಹಾಗೆ ಒಂದೇ ಕಡೆ ಬಾಗಿ ಚೂಪಾಗಿದ್ದವು. ಅರಣ್ಯ ಇಲಾಖೆಯವರು ನೋಡಿದ್ದರೆ ಕೇಸ್ ಹಾಕುತ್ತಿದ್ದರು. ಚಕ್ರ ಬಿಚ್ಚಿದ ಮೇಲೆ ಭಾಯ್ ಒಳಗೆ ಬೆರಳು ಹಾಕಿ, "ಸಾರ್, ಕಪ್ಲಿಂಗ್ ರಬ್ಬರ್ರೂ ಹೋಗಿದೆ" ಎಂದರು. ಎಂಜಿನ್ನಿನ ಎಳೆತ ಚಕ್ರಕ್ಕೆ ಧಕ್ಕೆಂದು ತಾಗದಂತೆ ತಡೆಯುವ ರಬ್ಬರ್ ತುಂಡುಗಳವು. ಮುಟ್ಟಿದರೆ ಪುಡಿ.

"ಬಿಚ್ಚಿ ನೋಡಿದ್ದಕ್ಕೇ ಹೋಯ್ತು" ಎಂದರು ಮಾವ. "ನೋಡದೇ ಇದ್ದಿದ್ರೆ ಇನ್ನೂ ಇರ್ತಿತ್ತು."

ಮುಂದಿನ ಸ್ಪ್ರಾಕೆಟ್ ಕೂಡಿತು, ಹೊಸ ಚೈನು ಸುತ್ತಿಕೊಂಡಿತು. ಉಳಿದದ್ದು ಚೈನ್ ಲಾಕ್. ಚೈನಿನ ಎರಡು ತುದಿ ಸೇರಿಸುವ ಲಿಂಕಿನ ಮೇಲೆ ಕೂರುವ ಪುಟ್ಟ ಸ್ಪ್ರಿಂಗ್ ಪತ್ತಿ. ಭಾಯ್ ಕಟಿಂಗ್ ಪ್ಲೇಯರ್‌ನಿಂದ ಒತ್ತಿದರು. ಅದು ಟಿಂಗ್ ಅಂದು ಹಾರಿ ಮಾಯವಾಯಿತು.

ಆಮೇಲೆ ನಡೆದದ್ದು ಸಾರ್ವಜನಿಕ ಕಾರ್ಯಕ್ರಮ. ಹುಡುಗ ನೆಲಕ್ಕೆ ಮಲಗಿದ. ಎಳನೀರಿನವನು ಮಚ್ಚು ಕೆಳಗಿಟ್ಟು ಬಂದ. ವಾಕಿಂಗ್‌ಗೆ ಹೊರಟಿದ್ದ ದಂಪತಿ ನಿಂತರು. "ಏನ್ ಬಿತ್ತು? ಬಂಗಾರದ್ದಾ?" ಎಂದು ಮಹಡಿಯಿಂದ ಒಬ್ಬರು ಕೇಳಿದರು. ಬಂಗಾರದ್ದಲ್ಲ ಎಂದ ಮೇಲೂ ಇಳಿದು ಬಂದರು. ಕೊನೆಗೆ ಹುಡುಗ ಹಳೇ ಸ್ಪೀಕರಿನ ಮ್ಯಾಗ್ನೆಟ್‌ಗೆ ದಾರ ಕಟ್ಟಿ ರಸ್ತೆಯ ಅಂಚಿನಲ್ಲಿ ಎಳೆಯತೊಡಗಿದ. ಮೊಳೆ, ವಾಷರ್, ಸೋಡಾ ಬಾಟಲಿ ಮುಚ್ಚಳ, ಹೇರ್‌ಪಿನ್ನು, ಯಾರದೋ ಪೆಟ್ಟಿಗೆಯ ಕೀಲಿ ಎಲ್ಲ ಬಂದವು. ಕಟ್ಟಕಡೆಗೆ ಮರದ ಬುಡದಿಂದ ಪತ್ತಿಯೂ ಬಂತು. ಚಪ್ಪಾಳೆ ಬಿತ್ತು, ಸುಳ್ಳಲ್ಲ.

ಪತ್ತಿಯ ಮುಚ್ಚಿದ ತುದಿ ಯಾವ ಕಡೆ ಇರಬೇಕು ಎಂಬುದಕ್ಕೆ ಇನ್ನೊಂದು ಸಭೆ. ಚೈನು ಓಡುವ ದಿಕ್ಕಿಗೆ ಮುಚ್ಚಿದ ತುದಿ ಇರಬೇಕು, ಏನಾದರೂ ತಾಗಿದರೂ ಕಳಚಿಕೊಳ್ಳಬಾರದು ನೋಡಿ. ಗಾಡಿ ಮುಂದೆ ಹೋಗುವಾಗ ಮೇಲಿನ ಚೈನು ಮುಂದಕ್ಕೆ, ಕೆಳಗಿನದು ಹಿಂದಕ್ಕೆ ಓಡುತ್ತದೆ. ಎಳನೀರಿನವನು ಮೇಲಿನದನ್ನು ನೋಡುತ್ತಿದ್ದ, ಮಾವನವರು ಕೆಳಗಿನದನ್ನು. ಇಬ್ಬರೂ ತಮ್ಮದೇ ಸರಿ ಎಂದರು. ಸರಿಯೇ ಇತ್ತು. ಕೊನೆಯಲ್ಲಿ ಭಾಯ್ ಕೆಳಗಿನ ಚೈನಿನ ನಡುವೆ ಬೆರಳಿಟ್ಟು ಎರಡು ಮೂರು ಸೆಂಟಿಮೀಟರ್ ಆಟ ಬಿಟ್ಟಾಗ ಮಾವ, "ಹೊಸ ಚೈನು, ಇಷ್ಟು ಲೂಸಾ?" ಎಂದು ಆಕ್ಷೇಪಿಸಿದರು. ಜನ ಕೂತಾಗ ಹಿಂಬದಿ ತಗ್ಗಿ ಚೈನು ಬಿಗಿಯುತ್ತದೆ, ಆಟ ಇಲ್ಲದಿದ್ದರೆ ಬೇರಿಂಗ್ ಮೇಲೆ ಭಾರ ಬೀಳುತ್ತದೆ ಎಂದು ಭಾಯ್ ವಿವರಿಸಿದರು. ಮಾವ ಒಪ್ಪಿದ ಹಾಗೆ ತಲೆ ಆಡಿಸಿದರು. ಒಪ್ಪಿರಲಿಲ್ಲ.

ನಾನು ಹಳೇ ಚೈನಿನ ಲಿಂಕ್ ಎಣಿಸಿ, ಹೊಸದರ ಅಳತೆಗೆ ಹೋಲಿಸಿ ತೋರಿಸಿದೆ. ಲಿಂಕ್ ಲೆಕ್ಕ ಒಂದೇ, ಆದರೆ ಹಳೇದು ಎರಡು ಬೆರಳಷ್ಟು ಉದ್ದ.

"ಜಾಸ್ತಿನೇ ಇದೆಯಲ್ರೀ! ಸವೆದಿದ್ರೆ ಕಮ್ಮಿ ಆಗ್ಬೇಕಿತ್ತಲ್ವಾ?"

ಮಾವನವರ ತರ್ಕ ಗಟ್ಟಿಯಾಗಿತ್ತು. ಹೊಸದಿದ್ದಾಗ ಈ ಚೈನಿನ ಲಿಂಕ್ ಜೋಡಿಸುವ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಇಂಚು. ಕಬ್ಬಿಣ ಎಳೆದುಕೊಂಡು ಉದ್ದ ಆಗುವುದಿಲ್ಲ. ಒಳಗೆ ಪಿನ್ನು, ಬುಷ್ಷು ಸವೆದು ಒಂದೊಂದು ಗಂಟೂ ಕೂದಲೆಳೆಯಷ್ಟು ಸಡಿಲವಾಗುತ್ತದೆ. ಅಂಥ ನೂರಕ್ಕೂ ಹೆಚ್ಚು ಗಂಟು ಸೇರಿದರೆ ಎರಡು ಬೆರಳು. ಆಗ ಲಿಂಕ್‌ಗೂ ಹಲ್ಲಿಗೂ ಅಳತೆ ಕೂಡುವುದಿಲ್ಲ, ಏರಿನಲ್ಲಿ ಕಟಕ್. ಇದನ್ನೆಲ್ಲ ಕೇಳಿದ ಮಾವ, "ಹಾಗಾದ್ರೆ ಬಿಸಾಕೋದು ಬೇಡ, ಉದ್ದ ಇದ್ರೆ ಉಪಯೋಗಕ್ಕೆ ಬರುತ್ತೆ" ಎಂದು ಚೈನನ್ನು ಪೇಪರಿನಲ್ಲಿ ಸುತ್ತಿ ಮನೆಗೆ ಒಯ್ದರು.

ಅವರ ತಾರಸಿಯ ಸಿಂಟೆಕ್ಸ್ ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿಹೋಗುತ್ತಿತ್ತು. ಅದರ ಮೇಲೆ ಚೈನು ಬಿಗಿಯಬೇಕು ಎಂಬುದು ಯೋಜನೆ. ಅತ್ತೆ ಮೆಟ್ಟಿಲ ಹತ್ತಿರವೇ ತಡೆದರು. "ಬಳಸೋ ನೀರಿನ ಮೇಲೆ ಈ ಕರಿ ಜಿಡ್ಡಾ? ತೊಳೆದ್ರೆ ಮೇಲೆ ಹೋಗಲಿ, ಇಲ್ದಿದ್ರೆ ಗುಜರಿಗೆ."

ಭಾನುವಾರ ನಾವು ಹೋದಾಗ ಮಾವನವರು ತಾರಸಿಯ ಮೇಲೆ ಪೇಪರ್ ಹಾಸಿಕೊಂಡು ಕೂತಿದ್ದರು. ಡಬ್ಬಿಯಲ್ಲಿ ಡೀಸೆಲ್, ಕೈಯಲ್ಲಿ ಹಳೇ ಹಲ್ಲುಜ್ಜುವ ಬ್ರಷ್. ಒಂದೊಂದೇ ಲಿಂಕ್ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ನನ್ನನ್ನು ಕಂಡವರೇ ಕೇಳಿದರು:

"ಅಳಿಯಂದ್ರೇ, ಹೊಸ ಚೈನಿಗೆ ತಂದ ಲ್ಯೂಬ್ ಏನಾದ್ರೂ ಉಳಿದಿದ್ಯಾ? ಇದಕ್ಕೂ ಸ್ವಲ್ಪ ಹೊಡೀಬೇಕು. ನೋಡ್ಕೊಳ್ದಿದ್ರೆ ಹಾಳಾಗುತ್ತೆ."