ಸ್ಪಷ್ಟನೆ: ಬಿಎಂಆರ್ ಮೇವಿನ ಜೋಳ ಕುಲಾಂತರಿ ಅಲ್ಲ

ಎಲೆಯ ನಡುನರ ಕಂದಾಗಿರುವ ಬಿಎಂಆರ್ (ಬ್ರೌನ್ ಮಿಡ್‌ರಿಬ್) ಜೋಳ ಕುಲಾಂತರಿ, ಅದನ್ನು ತಿಂದ ಹಸುವಿನ ಹಾಲು ಕುಡಿಯಬಾರದು ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಈ ಗುಣ ಮೊದಲು ಕಂಡದ್ದು 1924ರಲ್ಲಿ, ಅಮೆರಿಕದ ಮಿನ್ನೆಸೋಟದ ಮುಸುಕಿನ ಜೋಳದಲ್ಲಿ, ತಾನಾಗಿಯೇ. ಬಿಳಿಜೋಳದ ಜಾತಿಯಲ್ಲಿ 1978ರ ವೇಳೆಗೆ ಪರ್ಡ್ಯೂ ವಿಶ್ವವಿದ್ಯಾಲಯದವರು ಬೀಜಕ್ಕೆ ರಾಸಾಯನಿಕ ಉಪಚಾರ ಮಾಡಿ ಪಡೆದರು. ಹೊರಗಿನ ಜೀನ್ ಸೇರಿಸಿಲ್ಲ, ಹಾಗಾಗಿ ಇದು ಕುಲಾಂತರಿ ಅಲ್ಲ. ದಂಟು ಸೀಳಿದರೆ ಬೆಂಡಿನಲ್ಲೂ ಕಂದು ಛಾಯೆ ಇರುತ್ತದೆ, ಯಾರೋ ಬಣ್ಣ ಹಾಕಿದ್ದಲ್ಲ! ದಂಟನ್ನು ಗಟ್ಟಿ ಮಾಡುವ ಲಿಗ್ನಿನ್ ಎಂಬ ಅಂಶ ಇದರಲ್ಲಿ ಕಡಿಮೆ, ಹಾಗಾಗಿ ದನಕ್ಕೆ ನಾರು ಸುಲಭವಾಗಿ ಅರಗುತ್ತದೆ. ಗಾಳಿಗೆ ಪೈರು ಮಲಗುವ ಚಾಳಿ ಮಾತ್ರ ತುಸು ಜಾಸ್ತಿ.

ಹೆದರಬೇಕಾದ್ದು ಬೇರೆ: ಎಳೆಯ ಪೈರಿನಲ್ಲಿ, ಮಳೆಯಿಲ್ಲದೆ ಬಾಡಿದ ಜೋಳದಲ್ಲಿ ಇರುವ ಸೈನೈಡ್ ವಿಷ. ಅದು ಬಿಎಂಆರ್‌ನಲ್ಲೂ ಉಂಟು, ನಾಟಿ ತಳಿಯಲ್ಲೂ ಉಂಟು. ಹೂ ಬಂದ ಮೇಲೆ ಕೊಯ್ದು ಹಾಕಿ.