ಗೇಟಿನ ಒಳಗಿನವರಿಗೆ ಮಾತ್ರ ಅರ್ಥವಾದ ಸೈರನ್

ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮ ಮನೆಗೆ ಮುಕ್ಕಾಲು ಕಿಲೋಮೀಟರ್ ದೂರದಲ್ಲಿರುವ ಕಾರ್ಖಾನೆಯ ಸೈರನ್ ಏರುತ್ತಾ ಇಳಿಯುತ್ತಾ ಮೂರು ನಿಮಿಷ ಕೂಗಿತು. ಪಕ್ಕದ ಮನೆಯ ಅಕ್ಕ ಬೀಡಿಯ ತಡ್ಪೆಯನ್ನು ಮಡಿಲಿನಿಂದ ಕೆಳಗಿಟ್ಟು ಅಂಗಳಕ್ಕೆ ಬಂದು, "ಅಣ್ಣಾ, ಅದು ಎಂತ ಸೈರನ್? ಬೆಂಕಿ ಬಿದ್ದಿದೆಯಾ?" ಎಂದು ಕೇಳಿದರು. ಅಣಕು ಕಾರ್ಯಾಚರಣೆ ಇರಬೇಕು ಎಂದೆ. "ಓ ಹಾಗಾ" ಎಂದು ಅವರು ಒಳಗೆ ಹೋಗಿ ಮತ್ತೆ ಎಲೆ ಸುತ್ತತೊಡಗಿದರು. ಸಂಜೆಯ ಹೊತ್ತಿಗೆ ಫೋಟೊಗಳು ಬಂದವು: ಹೆಲ್ಮೆಟ್ ತೊಟ್ಟ ನೌಕರರು ಅಸೆಂಬ್ಲಿ ಪಾಯಿಂಟಿನಲ್ಲಿ, ಅಂದರೆ ಅಪಾಯದ ಹೊತ್ತಿನಲ್ಲಿ ಎಲ್ಲರೂ ಬಂದು ಸೇರುವ ಜಾಗದಲ್ಲಿ, ಸಾಲಾಗಿ ನಿಂತಿದ್ದಾರೆ, ಅಗ್ನಿಶಾಮಕ ವಾಹನ ನೀರು ಹಾಯಿಸುತ್ತಿದೆ, ಸ್ಟ್ರೆಚರಿನಲ್ಲಿ ಒಬ್ಬರನ್ನು ಒಯ್ಯುತ್ತಿದ್ದಾರೆ. ಅವರು ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಫೋಟೊಗಳಲ್ಲಿ ಗೇಟಿನ ಹೊರಗಿನವರು ಒಬ್ಬರೂ ಇಲ್ಲ. ಆಟೋ ನಿಲ್ದಾಣದವರಿಲ್ಲ, ಅಂಗನವಾಡಿಯ ಟೀಚರ್ ಇಲ್ಲ, ನಮ್ಮ ಅಕ್ಕ ಇಲ್ಲ. ನಿಜವಾಗಿ ಅನಿಲ ಸೋರಿದ ದಿನ ಅದು ಕಾಂಪೌಂಡ್ ಗೋಡೆಯ ಬಳಿ ನಿಲ್ಲುವುದಿಲ್ಲ. ಹೀಗಿರುವಾಗ ನಮ್ಮ ಸಿದ್ಧತೆ ಮಾತ್ರ ಗೋಡೆಯ ಬಳಿ ಏಕೆ ನಿಲ್ಲಬೇಕು?

ಗುಜರಾತಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ನಾನು 22 ವರ್ಷ ಶಿಫ್ಟ್ ಕೆಲಸ ಮಾಡಿದ್ದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಆ ಅವಧಿಯ ಒಂದು ರಾತ್ರಿಯ ವಿಷಯವನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ. ಪಂಪಿನ ಸೀಲ್ ಒಡೆದು ಅಮೋನಿಯಾ ಸೋರಿತು. ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಗಾಳಿಚೀಲ ನೋಡಿ ಗಾಳಿಗೆ ಅಡ್ಡವಾಗಿ ಹೇಗೆ ಸರಿಯಬೇಕೆಂದು ನಮಗೆಲ್ಲ ಕಲಿಸಿದ್ದರು, ಹಾಗೆಯೇ ಸರಿದೆವು. ಗಾಳಿ ಊರಿನ ಕಡೆಗೆ ಬೀಸುತ್ತಿತ್ತು. ನಾನು ಕ್ವಾರ್ಟರ್ಸಿಗೆ ಫೋನ್ ಮಾಡಿ, ಕಿಟಕಿ ಬಾಗಿಲು ಮುಚ್ಚಿ ಸಂದಿಗಳಿಗೆ ಒದ್ದೆ ಬಟ್ಟೆ ತುರುಕು ಎಂದು ಹೆಂಡತಿಗೆ ಹೇಳಿದೆ. ಅದೇ ಗಾಳಿಯ ದಾರಿಯಲ್ಲಿ ಗುಡಿಸಲುಗಳಿದ್ದವು. ಅಲ್ಲಿಗೆ ನಾನೂ ಹೇಳಲಿಲ್ಲ, ಬೇರೆ ಯಾರೂ ಹೇಳಲಿಲ್ಲ. ಇಪ್ಪತ್ತು ನಿಮಿಷದಲ್ಲಿ ವಾಲ್ವ್ ಮುಚ್ಚಿದರು, ಕಣ್ಣುರಿ ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಮನೆಗೆ ಮಾತ್ರ ಮಾಡಿದ ಆ ಒಂದು ಫೋನ್ ಕರೆ ಇಂದಿಗೂ ನನ್ನ ಎದೆಯಲ್ಲಿ ಕುಳಿತಿದೆ. ಬೆಳಿಗ್ಗೆ ಅಕ್ಕ "ಓ ಹಾಗಾ" ಎಂದು ಒಳಗೆ ಹೋದಾಗ ನೆನಪಾದದ್ದು ಅದೇ.

ಭೋಪಾಲದಲ್ಲಿ 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ 610ನೇ ಟ್ಯಾಂಕಿನಿಂದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಎಂಬ ವಿಷ ಹೊರಬಂತು. ಟ್ಯಾಂಕನ್ನು ತಂಪಾಗಿಡುವ ಯಂತ್ರ ತಿಂಗಳುಗಳಿಂದ ನಿಂತಿತ್ತು, ಸೋರಿದ ಅನಿಲವನ್ನು ಸುಡಬೇಕಿದ್ದ ಫ್ಲೇರ್ ಗೋಪುರದ ಕೊಳವೆಯನ್ನು ಬಿಚ್ಚಿಡಲಾಗಿತ್ತು. ಕೀಟನಾಶಕ ತಯಾರಿಕೆಯ ನಡುವೆ ಬಂದುಹೋಗುವ ಇಂಥ ವಿಷವನ್ನು ಟನ್‌ಗಟ್ಟಲೆ ಕೂಡಿಡುವ ಅಗತ್ಯವೇ ಇರಲಿಲ್ಲ. ತಡೆಗಟ್ಟುವ ಕೆಲಸ ಆರಂಭವಾಗಬೇಕಾದದ್ದು ಅಲ್ಲಿ, ಎಷ್ಟು ಇಟ್ಟುಕೊಳ್ಳುತ್ತೇವೆ ಎಂಬ ಲೆಕ್ಕದಲ್ಲಿ. ಆದರೆ ನನ್ನನ್ನು ಹೆಚ್ಚು ಕಾಡುವುದು ಮತ್ತೊಂದು ಸಂಗತಿ. ಊರಿಗೆ ಕೇಳಿಸುವ ಸೈರನ್ನನ್ನು ಸ್ವಲ್ಪ ಹೊತ್ತಿನಲ್ಲೇ ನಿಲ್ಲಿಸಿದರು. ನಿದ್ದೆಯಿಂದ ಎದ್ದ ಜನ ಯಾವ ಕಡೆಗೆ ಓಡಬೇಕೆಂದು ತಿಳಿಯದೆ, ಎಷ್ಟೋ ಮಂದಿ ಗಾಳಿ ಬೀಸುವ ದಿಕ್ಕಿಗೇ ಓಡಿದರು. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಗಾಳಿಗೆ ಅಡ್ಡವಾಗಿ ನಡೆಯಿರಿ ಎಂಬ ಒಂದು ಮಾತು ಮೊದಲೇ ಗೊತ್ತಿದ್ದರೆ ಎಷ್ಟು ಜೀವಗಳು ಉಳಿಯುತ್ತಿದ್ದವೋ.

ಆಮೇಲೆ ನಾವು ಕಾನೂನುಗಳನ್ನು ಮಾಡಿದೆವು, ಒಳ್ಳೆಯ ಕಾನೂನುಗಳನ್ನೇ ಮಾಡಿದೆವು. 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯಗಳ ಮಾಹಿತಿಯನ್ನು ಕಾರ್ಮಿಕರಿಗಷ್ಟೇ ಅಲ್ಲ, ಸುತ್ತಲಿನ ಜನರಿಗೂ ಕೊಡಬೇಕೆಂದು ಅದು ಹೇಳಿತು. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಕಾರ್ಖಾನೆಯೊಳಗಿನ ತುರ್ತು ಯೋಜನೆಯ ಅಭ್ಯಾಸವನ್ನು ಆರು ತಿಂಗಳಿಗೊಮ್ಮೆ, ಗೇಟಿನ ಹೊರಗಿನ ತುರ್ತು ಯೋಜನೆಯ ಅಭ್ಯಾಸವನ್ನು ವರ್ಷಕ್ಕೊಮ್ಮೆ ನಡೆಸಬೇಕೆನ್ನುತ್ತವೆ. 1996ರ ನಿಯಮಗಳು ಕೇಂದ್ರದಿಂದ ಸ್ಥಳೀಯ ಮಟ್ಟದವರೆಗೆ ತುರ್ತು ಸಮಿತಿಗಳಿರಬೇಕೆಂದು ವಿಧಿಸಿದವು. ಜಿಲ್ಲೆಯ ಸಮಿತಿಗೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು. ಇಷ್ಟೆಲ್ಲ ಇದ್ದೂ ನಾನು ಈ ಊರಿಗೆ ಮರಳಿದ ಒಂಬತ್ತು ವರ್ಷಗಳಲ್ಲಿ, ಸೈರನ್ ಕೂಗಿದರೆ ಏನು ಮಾಡಬೇಕೆಂದು ಹೇಳುವ ಒಂದು ಚೀಟಿಯೂ ನಮ್ಮ ಮನೆಗೆ ಬಂದಿಲ್ಲ.

2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ನಡೆದದ್ದೂ ಇದೇ. ಲಾಕ್‌ಡೌನಿನಲ್ಲಿ ಕಾರ್ಖಾನೆ ನಿಂತಿತ್ತು, ಆದರೆ ಟ್ಯಾಂಕಿನಲ್ಲಿದ್ದ ಸ್ಟೈರೀನ್ ಎಂಬ, ಪ್ಲಾಸ್ಟಿಕ್ ತಯಾರಿಸುವ ದ್ರವ ಸುಮ್ಮನಿರಲಿಲ್ಲ. ಅದಕ್ಕೆ ತಂಪು ಬೇಕು, ಅದು ತನ್ನಷ್ಟಕ್ಕೆ ಗಟ್ಟಿಯಾಗಿ ಬಿಸಿಯೇರದಂತೆ ತಡೆಯುವ ರಾಸಾಯನಿಕ ಬೇಕು. ನಸುಕಿನ ಮೂರರ ಹೊತ್ತಿಗೆ ಆವಿ ಹಳ್ಳಿಗೆ ನುಗ್ಗಿದಾಗ ಜನ ಮಲಗಿದ್ದರು. ಹನ್ನೆರಡು ಮಂದಿ ಸತ್ತರು. ಸೈರನ್ ಒತ್ತಲು 36 ಕಡೆ ಅವಕಾಶವಿದ್ದರೂ ಯಾರೂ ಒತ್ತಲಿಲ್ಲವೆಂದು ತನಿಖಾ ಸಮಿತಿ ಹೇಳಿತು. ಓದಿದ ದಿನ ನನಗೆ ಊಟ ಸೇರಲಿಲ್ಲ. ಒತ್ತಿದ್ದರೂ ಹಳ್ಳಿಯವರಿಗೆ ಆ ಸದ್ದಿನ ಅರ್ಥ ಗೊತ್ತಿತ್ತೇ ಎಂಬ ಪ್ರಶ್ನೆ ಆಮೇಲೆ ಬಂತು.

ನಮ್ಮ ಕರಾವಳಿಯಲ್ಲಿ ಅಪಾಯ ರಸ್ತೆಯ ಮೇಲೂ ಓಡುತ್ತದೆ. 2012ರ ಆಗಸ್ಟಿನಲ್ಲಿ ಕಣ್ಣೂರಿನ ಚಾಲದಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ ಇಪ್ಪತ್ತು ಮಂದಿ ಸತ್ತರು. ಮರುವರ್ಷ ಏಪ್ರಿಲಿನಲ್ಲಿ ಉಪ್ಪಿನಂಗಡಿಯ ಹತ್ತಿರ ಪೆರ್ನೆಯಲ್ಲಿ ಇನ್ನೊಂದು ಟ್ಯಾಂಕರ್ ಮಗುಚಿ, ಬೆಂಕಿ ರಸ್ತೆ ಬದಿಯ ಮನೆಗಳಿಗೂ ಹಬ್ಬಿತು. ಈ ಅನಿಲ ಗಾಳಿಗಿಂತ ಭಾರ. ಅದು ಚರಂಡಿಯಲ್ಲಿ, ತಗ್ಗಿನಲ್ಲಿ ಹರಿದು ನಿಂತು ಒಂದು ಕಿಡಿಗಾಗಿ ಕಾಯುತ್ತದೆ. ಟ್ಯಾಂಕರಿನ ಫಲಕದಲ್ಲಿ 1075 ಎಂಬ ಸಂಖ್ಯೆ ಕಂಡರೆ ಅದು ಅಡುಗೆ ಅನಿಲ, 1005 ಕಂಡರೆ ಅಮೋನಿಯಾ. ಮೀನಿಗೆ ಮಂಜುಗಡ್ಡೆ ಕೊಡುವ ನಮ್ಮ ಐಸ್ ಪ್ಲಾಂಟುಗಳಲ್ಲಿ ಇರುವುದೂ ಅದೇ ಅಮೋನಿಯಾ. ಪ್ರಮಾಣ ಕಡಿಮೆಯೆಂದು ದೊಡ್ಡ ನಿಯಮಗಳು ಅವುಗಳನ್ನು ಮುಟ್ಟದಿರಬಹುದು, ಆದರೆ ಅವುಗಳ ಗೋಡೆಗೆ ತಾಗಿಯೇ ಮನೆಗಳಿವೆ.

ಜೊತೆಗೆ ಕೆಲಸ ಮಾಡಿದ ಗೆಳೆಯರೊಬ್ಬರು ಈ ಮಾತಿಗೆ ಪ್ರತಿ ಬಾರಿಯೂ ಒಂದೇ ಉತ್ತರ ಕೊಡುತ್ತಾರೆ: ಜನರಿಗೆ ಇದನ್ನೆಲ್ಲ ಹೇಳಿದರೆ ಸುಮ್ಮನೆ ಗಾಬರಿಯಾಗುತ್ತಾರೆ, ನಾಳೆ ಸೈರನ್ ಪರೀಕ್ಷೆಗೆಂದು ಕೂಗಿದರೂ ರಸ್ತೆಯಲ್ಲಿ ನೂಕುನುಗ್ಗಲಾಗುತ್ತದೆ. ಅವರ ಅನುಭವದ ಬಗ್ಗೆ ನನಗೆ ಗೌರವವಿದೆ, ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಪ್ರತಿ ಅಡುಗೆಮನೆಯಲ್ಲೂ 14.2 ಕಿಲೋ ಅನಿಲದ ಸಿಲಿಂಡರ್ ಇದೆ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಬೇಕು, ಕಿಟಕಿ ತೆರೆಯಬೇಕು, ಸ್ವಿಚ್ ಮುಟ್ಟಬಾರದು ಎಂದು ಎಂಟು ವರ್ಷದ ಹುಡುಗಿಗೂ ಗೊತ್ತು. ಅದನ್ನು ತಿಳಿದುಕೊಂಡದ್ದರಿಂದ ಯಾವ ಮನೆಯವರೂ ಹೆದರಿ ಬೀದಿಗೆ ಓಡಿಲ್ಲ. ಗಾಬರಿ ಹುಟ್ಟುವುದು ತಿಳಿಯದಿರುವುದರಿಂದ. ಒಡಿಶಾದ ಕರಾವಳಿಯಲ್ಲಿ 1999ರ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಫೈಲಿನ್ ಬಂದಾಗ ಮುನ್ನೆಚ್ಚರಿಕೆ ನಂಬಿ ಲಕ್ಷಾಂತರ ಜನ ಮೊದಲೇ ಹೊರಟರು, ಸಾವುಗಳು ನೂರನ್ನೂ ಮುಟ್ಟಲಿಲ್ಲ. ಅವರೂ ನಮ್ಮಂಥ ಮೀನುಗಾರರು, ರೈತರು.

ಸಂಜೆ ಅಕ್ಕನ ಮನೆಯ ಜಗಲಿಯಲ್ಲಿ ಕುಳಿತು ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ಏರಿಳಿಯುವ ಸದ್ದಾದರೆ ಅಪಾಯ, ಒಂದೇ ಸಮನೆ ಕೂಗಿದರೆ ಮುಗಿಯಿತೆಂದು ಸಾಮಾನ್ಯವಾಗಿ ಅರ್ಥ. ಈ ಕಾರ್ಖಾನೆಯದು ಹಾಗೆಯೇ ಎಂಬುದನ್ನು ಮಾತ್ರ ಅವರಿಂದಲೇ ಕೇಳಿ ತಿಳಿಯಬೇಕು. ಅನಿಲ ಆಗಲೇ ಅಂಗಳಕ್ಕೆ ಬಂದಿದ್ದರೆ ಹೊರಗೆ ಓಡಬಾರದು, ಒಳಗೇ ಇದ್ದು ಬಾಗಿಲು ಮುಚ್ಚಬೇಕು, ಫ್ಯಾನ್ ಆರಿಸಬೇಕು. ಹೊರಗಿದ್ದರೆ ಗಾಳಿಗೆ ಅಡ್ಡವಾಗಿ ನಡೆಯಬೇಕು. "ಗಾಳಿ ಯಾವ ಕಡೆಗೆಂದು ನೋಡಲಿಕ್ಕೆ ತೆಂಗಿನ ಗರಿ ಸಾಕಲ್ಲ" ಎಂದರು ಅವರು. ನನ್ನ ಗಾಳಿಚೀಲದ ಪಾಠಕ್ಕಿಂತ ಅದು ಚೆನ್ನಾಗಿತ್ತು. ಅವರ ಗಂಡ ಬೋಟಿಗೆ ಹೋಗುವವರು. ಹಗಲು ಕಡಲಿನಿಂದ ಬೀಸುವ ಗಾಳಿ ರಾತ್ರಿ ನೆಲದಿಂದ ಕಡಲಿನ ಕಡೆಗೆ ತಿರುಗುತ್ತದೆಂದು ಅವರೇ ನೆನಪಿಸಿದರು.

ಮುಂದಿನ ಗ್ರಾಮಸಭೆಗೆ ನಾನು ಅರ್ಜಿ ಬರೆಯುತ್ತಿದ್ದೇನೆ. ಕಾರ್ಖಾನೆಯಲ್ಲಿ ಏನನ್ನು, ಎಷ್ಟು ಇಟ್ಟಿದ್ದಾರೆಂದು ಕನ್ನಡದಲ್ಲಿ ಒಂದು ಫಲಕ, ಸೈರನ್ನಿನ ಅರ್ಥ ತಿಳಿಸುವ ಒಂದು ಹಾಳೆ ಮನೆಮನೆಗೆ, ಮುಂದಿನ ಅಭ್ಯಾಸದಲ್ಲಿ ನಮ್ಮ ವಾರ್ಡಿನ ಜನರಿಗೂ ಪಾಲು. ಇಷ್ಟನ್ನು ಅಕ್ಕನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ರಾತ್ರಿ ಗಾಳಿ ಕಡಲಿನ ಕಡೆಗಾದರೆ ನಮ್ಮ ತಂಗಿಯವರಿಗೆ ಯಾರು ಹೇಳುವುದು ಅಣ್ಣಾ? ಅವಳ ಮನೆ ಕಡಲ ಬದಿಯಲ್ಲಿ, ಅದು ಬೇರೆ ವಾರ್ಡು."

ಅರ್ಜಿಯಲ್ಲಿ "ನಮ್ಮ ವಾರ್ಡಿನ" ಎಂದಿದ್ದುದನ್ನು ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದೇನೆ.