ಸ್ಪಷ್ಟನೆ: ‘ಸೆನ್ಷರ್’ ಆದರೆ ಕೆಲಸ ಹೋಗಲ್ಲ

ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಇಂಗ್ಲಿಷ್ ಪದಗಳ ಪಟ್ಟಿಯೊಂದು ಓಡಾಡುತ್ತಿದೆ. ‘ಸೆನ್ಷರ್’ ಎಂದರೆ ನೌಕರಿಯಿಂದ ತೆಗೆಯುವುದು ಅಂತ ಅದರಲ್ಲಿದೆ. ತಪ್ಪು. ಅಧಿಕೃತವಾಗಿ ಛೀಮಾರಿ ಹಾಕುವುದು, ಅಷ್ಟೇ. ಕೇಂದ್ರ ಸರ್ಕಾರಿ ನೌಕರರ 1965ರ ಶಿಸ್ತು ನಿಯಮಗಳ 11ನೇ ನಿಯಮದಲ್ಲಿ ಇದು ಸಣ್ಣ ದಂಡನೆಗಳ ಸಾಲಿನಲ್ಲಿದೆ. ಹಾಗಂತ ಸುಮ್ನೆ ಗದರಿಸಿ ಬಿಟ್ಟ ಹಾಗೂ ಅಲ್ಲ, ಸೇವಾ ದಾಖಲೆಯಲ್ಲಿ ಉಳಿಯುತ್ತದೆ. ಸಿನಿಮಾಕ್ಕೆ ಕತ್ತರಿ ಹಾಕುವ ‘ಸೆನ್ಸರ್’ ಬೇರೆಯೇ.

ಅದೇ ಪಟ್ಟಿಯ ‘ಡಿಪ್ಲೋರ್’ಗೆ ‘ಬೈಯುವುದು’ ಎಂಬ ಅರ್ಥವೂ ಸರಿಯಿಲ್ಲ. ವಿಷಾದಪಟ್ಟು ‘ಇದು ತಪ್ಪು’ ಎನ್ನುವುದು ಅದು, ಸಿಟ್ಟಿಗಿಂತ ನೋವು ಜಾಸ್ತಿ. ಸಾಮಾನ್ಯವಾಗಿ ಕೃತ್ಯಕ್ಕೆ ಬಳಸುತ್ತಾರೆ, ಮನುಷ್ಯನಿಗಲ್ಲ. ತೋಟದ ಬಳಂಜಿ ಮರ ಕಡಿದದ್ದನ್ನು ‘ಡಿಪ್ಲೋರ್’ ಮಾಡಬಹುದು. ಕಡಿದವನಿಗೆ ‘ಕಂಡೆಮ್’ (ಕಟುವಾಗಿ ಖಂಡಿಸುವುದು) ಇದೆಯಲ್ಲ!